ಮೊದಲ ಹಾಳೆ ಯಾರದು?

ನಮ್ಮ ಬಾಗಲಕೋಟೆ ಜಿಲ್ಲೆಯ ಯಾವುದಾದರೂ ಚಹಾದಂಗಡಿಯಲ್ಲಿ ಕೂತು '519.6' ಎಂದು ಹೇಳಿ ನೋಡಿ. ಅದೇನು ಎಂದು ಯಾರೂ ಕೇಳುವುದಿಲ್ಲ. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ ಅದು, ಮೀಟರ್ ಲೆಕ್ಕದಲ್ಲಿ. ಬೆನ್ನಿಗೇ ಪಕ್ಕದ ಬೆಂಚಿನವರು '524.256' ಎನ್ನುತ್ತಾರೆ. ನ್ಯಾಯಾಧೀಕರಣ ಒಪ್ಪಿಕೊಟ್ಟ, ಇನ್ನೂ ಏರಿಸದೇ ಇರುವ ಮಟ್ಟ. ಆಮೇಲೆ ಮಾತು ನಿಲ್ಲುವುದಿಲ್ಲ. ಈ ನಾಲ್ಕೂವರೆ ಮೀಟರಿನಲ್ಲಿ ಯಾವ ಊರು ಹೋಗುತ್ತದೆ, ಯಾರ ಹೊಲ ಹೋಗುತ್ತದೆ, ಎಕರೆಗೆ ಎಷ್ಟು ಕೊಟ್ಟರು, ಎಷ್ಟು ಕೊಡಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತದವರೂ ಎಂಜಿನಿಯರರ ಒಂದು ಸಂಖ್ಯೆಯನ್ನು ದಶಮಾಂಶದ ಮೂರನೇ ಸ್ಥಾನದವರೆಗೆ ಬಾಯಿಪಾಠ ಮಾಡಿಕೊಂಡ ಜಿಲ್ಲೆ ಇದು. ಯಾಕೆಂದರೆ ಆ ಸಂಖ್ಯೆಯನ್ನು ಯಾರೋ ಎಲ್ಲೋ ಕೂತು ಮೊದಲು ಒಂದು ಕಾಗದದ ಮೇಲೆ ಬರೆದರು. ಹಳೇ ಬಾಗಲಕೋಟೆಗೆ ನೀರು ಬಂದದ್ದು ಆಮೇಲೆ.

ನಾನು ಓದುತ್ತಿರುವುದು ನೀರಿನ ಬಗ್ಗೆ ಅಲ್ಲ, ವಿಮಾನದ ಬಗ್ಗೆ. ಊರು ಚೊಳಚಗುಡ್ಡ, ಬಾದಾಮಿ ಪಕ್ಕದ ಬನಶಂಕರಿ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ನಾನು ಪಿಎಚ್‌ಡಿ ಮಾಡುತ್ತಿರುವ ವಿಷಯ ಪ್ರಯಾಣಿಕ ವಿಮಾನದ ವಿನ್ಯಾಸದ ತೀರಾ ಮೊದಲ ಹಂತ. ಅದಕ್ಕೆ ಕಾನ್ಸೆಪ್ಚುವಲ್ ಡಿಸೈನ್ ಎಂಬ ದೊಡ್ಡ ಹೆಸರಿದೆ. ಊರಿನಲ್ಲಿ ಯಾರಾದರೂ ಕೇಳಿದರೆ 'ಮೊದಲ ಹಾಳೆಯ ಕೆಲಸ' ಎನ್ನುತ್ತೇನೆ. ತಗಡು ಇಲ್ಲ, ಎಂಜಿನ್ ಇಲ್ಲ, ಕಾರ್ಖಾನೆ ಇಲ್ಲ. ಎಷ್ಟು ಜನ ಕೂರಬೇಕು, ಎಷ್ಟು ದೂರ ಹೋಗಬೇಕು, ಎಷ್ಟು ಉದ್ದದ ರನ್‌ವೇಯಿಂದ ಏಳಬೇಕು, ಎಂಥ ಬಿಸಿಲಿನಲ್ಲಿ ಏಳಬೇಕು ಎಂಬ ನಾಲ್ಕೈದು ಸಾಲು ಬರೆದುಕೊಂಡು, ಆ ಸಾಲುಗಳಿಂದ ವಿಮಾನದ ತೂಕ, ರೆಕ್ಕೆ, ಎಂಜಿನ್‌ನ ಬಲ ಲೆಕ್ಕ ಹಾಕುವುದು. ಹತ್ತು ನಮೂನೆ ಗೀಚಿ ಒಂಬತ್ತನ್ನು ಹರಿದು ಹಾಕುವುದು. ಆ ನಾಲ್ಕೈದು ಸಾಲು ಆಲಮಟ್ಟಿಯ ಸಂಖ್ಯೆಯಷ್ಟೇ ಜನರಿಗೆ ಸೇರಿದ್ದು ಎಂಬುದು ನನ್ನ ಜಗಳ. ಈ ಜಗಳದಲ್ಲಿ ನನಗೆ ಎದುರಾಳಿಗಳು ಎರಡು ಕಡೆ ಇದ್ದಾರೆ: ವಿಮಾನ ಕಟ್ಟುವವರ ಕಡೆಯಲ್ಲೂ, ಕನ್ನಡ ಬರೆಯುವವರ ಕಡೆಯಲ್ಲೂ.

ಎರಡನೆಯವರ ಮಾತು ಮೊದಲು. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿದ ಗೆಳತಿಯೊಬ್ಬಳು ಕೇಳಿದಳು: "ಅಲ್ಲವಾ, ರೊಟ್ಟಿ ಮಾರಾಕಿ ಮಗಳು ನೀ. ವಿಮಾನ ಯಾರಿಗೆ ಬೇಕಾಗೇತಿ?" ಸುತ್ತ ಕೂತವರು ತಲೆ ಹಾಕಿದರು. ಅವರ ಮಟ್ಟಿಗೆ ಬಸ್ಸು ಬಡವರದು, ವಿಮಾನ ಉಳ್ಳವರದು, ಅಲ್ಲಿಗೆ ಮುಗಿಯಿತು. ಅದು ಯಂತ್ರದ ವಿಷಯ, ಸಾಹಿತ್ಯದವರಿಗೆ ಅಲ್ಲಿ ಕೆಲಸವಿಲ್ಲ. ಇದನ್ನು ನಮ್ಮವರು ಬಡವರ ಪರವಾದ ನಿಲುವು ಎಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಬರೀ ಸೋಮಾರಿತನ.

ಹೌದು, ಅವ್ವ ಬನಶಂಕರಿ ಗುಡಿಯ ಮುಂದೆ ರೊಟ್ಟಿ ಮಾರುತ್ತಾಳೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಮೊಸರು. ನನ್ನ ಓದು ಏನೆಂದು ಅವಳಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅದರಾಗ ನನ್ನ ಬುಟ್ಟಿ ಹಿಡಸ್ತದೇನ?" ನಾನು ನಕ್ಕೆ. ನಗಬಾರದಿತ್ತು. ಮೊದಲ ಹಾಳೆಯ ಮೊದಲ ಸಾಲೇ ಅದು. ಯಾವ ಪ್ರಯಾಣಿಕ, ಅವನ ಜೊತೆ ಯಾವ ಸಾಮಾನು? ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಿದ್ಧ ಉತ್ತರವಿದೆ. ಸುಮಾರು 80 ಕೆ.ಜಿ. ತೂಗುವ ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಸೂಟ್‌ಕೇಸು. ಅವನು ಯಾರು, ಎಲ್ಲಿಂದ ಹೊರಟ ಎಂದು ನಾವು ಯಾರೂ ಕೇಳುವುದಿಲ್ಲ. ಲೆಕ್ಕ ಶುರು ಮಾಡುತ್ತೇವೆ.

ಆ ಲೆಕ್ಕ ಎಷ್ಟು ಸೂಕ್ಷ್ಮ ಎಂದು ಸ್ವಲ್ಪ ತೋರಿಸುತ್ತೇನೆ. ಹೆದರಬೇಡಿ, ಭಾಗಾಕಾರ ಬಂದರೆ ಸಾಕು. 50 ಜನ ಕೂರುವ ಪ್ರೊಪೆಲರ್ ವಿಮಾನ ಎಂದಿಟ್ಟುಕೊಳ್ಳಿ. ಸಾಮಾನು ಸೇರಿ ತಲೆಗೆ 95 ಕೆ.ಜಿ., ಮೇಲೆ ಸಿಬ್ಬಂದಿ. ಒಟ್ಟು 5,100 ಕೆ.ಜಿ. ಇಂಥ ವಿಮಾನಗಳಲ್ಲಿ ಖಾಲಿ ವಿಮಾನದ ತೂಕವೇ ಒಟ್ಟು ತೂಕದ ಶೇ 60ರಷ್ಟು, ಇಂಧನ ಶೇ 12 ಎಂದುಕೊಂಡರೆ ಜನಕ್ಕೂ ಸಾಮಾನಿಗೂ ಉಳಿಯುವುದು ಶೇ 28. 5,100 ಕೆ.ಜಿ. ಎಂಬುದು ಒಟ್ಟಿನ ಶೇ 28 ಆಗಬೇಕಾದರೆ ವಿಮಾನ 18,200 ಕೆ.ಜಿ. ತೂಗಬೇಕು. ಈಗ ಆ 60 ಎಂಬುದು ನಮ್ಮ ಅಂದಾಜು ತಪ್ಪಿ 63 ಆಯಿತು ಅನ್ನಿ. ಉಳಿಯುವುದು ಶೇ 25. ವಿಮಾನ 20,400 ಕೆ.ಜಿ. ಮೂರೇ ಮೂರು ಪ್ರತಿಶತ ಎಡವಿದ್ದಕ್ಕೆ ಎರಡು ಟನ್ನಿಗಿಂತ ಹೆಚ್ಚು. ಒಬ್ಬ ಪ್ರಯಾಣಿಕನೂ ಹೆಚ್ಚಾಗಲಿಲ್ಲ. ತೂಕ ಏರಿದ್ದಕ್ಕೆ ದೊಡ್ಡ ರೆಕ್ಕೆ, ದೊಡ್ಡ ರೆಕ್ಕೆಗೆ ದೊಡ್ಡ ಎಂಜಿನ್, ಆ ಎಂಜಿನ್‌ಗೆ ಹೆಚ್ಚು ಎಣ್ಣೆ, ಆ ಎಣ್ಣೆ ಹೊರಲು ಮತ್ತೆ ರೆಕ್ಕೆ. ಹಿಂದೆ ಚಕ್ಕಡಿ ಹೂಡಿಕೊಂಡು ಬನಶಂಕರಿ ಜಾತ್ರೆಗೆ ಬರುತ್ತಿದ್ದವರಿಗೆ ಇದು ಗೊತ್ತಿತ್ತು. ದೂರ ಹೆಚ್ಚಾದಷ್ಟೂ ಎತ್ತಿನ ಮೇವು ಹೇರಬೇಕು, ಮೇವು ಹೇರಿದಷ್ಟೂ ಎತ್ತಿಗೆ ಭಾರ, ಭಾರ ಹೆಚ್ಚಾದಷ್ಟೂ ಎತ್ತು ತಿನ್ನುತ್ತದೆ.

ಇನ್ನು ನನ್ನದೇ ತಪ್ಪು. ಪಿಎಚ್‌ಡಿಯ ಮೊದಲ ವರ್ಷ ನಾನು ತಯಾರಿಸಿದ ಹಾಳೆಯಲ್ಲಿ ರನ್‌ವೇ ಸಮುದ್ರಮಟ್ಟದಲ್ಲಿತ್ತು, ಉಷ್ಣತೆ 15 ಡಿಗ್ರಿ ಇತ್ತು. ಯುರೋಪಿನ ಒಂದು ಪ್ರಬಂಧದಿಂದ ಎತ್ತಿಕೊಂಡದ್ದು. ಎಲ್ಲರೂ ಹಾಗೇ ಎತ್ತಿಕೊಳ್ಳುತ್ತಾರೆ, ಹೋಲಿಸಲು ಸುಲಭ. ಏಪ್ರಿಲ್ ಬಿಸಿಲಲ್ಲಿ ಹರಿದ್ರಾತೀರ್ಥದ ಹೊಂಡದ ಸುತ್ತಿನ ಹಾಸುಗಲ್ಲು ಬರಿಗಾಲಲ್ಲಿ ತುಳಿದು ಬೊಬ್ಬೆ ಎಬ್ಬಿಸಿಕೊಂಡವಳು, ನನ್ನ ವಿಮಾನವನ್ನು 15 ಡಿಗ್ರಿಯ ತಂಪಿನಲ್ಲಿ ಹಾರಿಸುತ್ತಿದ್ದೆ! ಬಾದಾಮಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ. ಆ ಎತ್ತರದಲ್ಲಿ, ಆ ಬಿಸಿಯಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ 1.05 ಕೆ.ಜಿ.; ಪಠ್ಯಪುಸ್ತಕದ ಗಾಳಿ 1.225. ಅಂದರೆ ಶೇ 14ರಷ್ಟು ತೆಳು. ರೆಕ್ಕೆಯನ್ನು ಎತ್ತುವುದೂ ಗಾಳಿ, ಎಂಜಿನ್ ಉಸಿರಾಡುವುದೂ ಗಾಳಿ. ಎಂಜಿನ್‌ನ ಬಲವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂದು ಹಿಡಿದರೆ ನೆಲ ಬಿಡುವ ಮುನ್ನ ವಿಮಾನ ಓಡಬೇಕಾದ ದೂರ ಮೂರನೇ ಒಂದರಷ್ಟು ಹೆಚ್ಚುತ್ತದೆ. ಇಲ್ಲದಿದ್ದರೆ ಜನರನ್ನು ಇಳಿಸಬೇಕು.

ಓಡುವ ದೂರ ಎಂದರೆ ನೆಲ. ಇಲ್ಲಿಗೆ ಬಂತು ನೋಡಿ ಆಲಮಟ್ಟಿ. 1,800 ಮೀಟರ್ ರನ್‌ವೇ ಬೇಡುವ ವಿಮಾನಕ್ಕೂ 1,000 ಮೀಟರಿನಲ್ಲಿ ಏಳುವ ವಿಮಾನಕ್ಕೂ ಅಂತರ 800 ಮೀಟರ್. ಎರಡೂ ಬದಿಯ ಬಯಲು ಸೇರಿ 150 ಮೀಟರ್ ಅಗಲ ಹಿಡಿದರೂ 12 ಹೆಕ್ಟೇರ್, ಅಂದರೆ 30 ಎಕರೆ. ನಮ್ಮ ಕಡೆ ಅದು ಏಳೆಂಟು ಮನೆತನಗಳ ಅನ್ನ. ಆ 30 ಎಕರೆ ಉಳಿಸಲು ದಾರಿ ಇಲ್ಲವೆಂದಲ್ಲ: ರೆಕ್ಕೆ ದೊಡ್ಡದು ಮಾಡಿ, ಹಿಂಬದಿಯ ಫ್ಲ್ಯಾಪ್‌ಗಳನ್ನು ಜೋರು ಮಾಡಿ. ಆದರೆ ಆಗ ವಿಮಾನ ತೂಕವಾಗುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ, ಗಾಳಿಗೆ ಹೆಚ್ಚು ಕುಲುಕುತ್ತದೆ, ಟಿಕೆಟ್ ದುಬಾರಿಯಾಗುತ್ತದೆ. ಟಿಕೆಟ್ ಕೊಳ್ಳುವವನ ಜೇಬಿಗೂ ಹೊಲ ಕೊಡುವವನ ಎಕರೆಗೂ ನಡುವೆ ಈ ಜಗಳವನ್ನು ತೀರ್ಮಾನಿಸುವವರು ಯಾರು? ಕಂಪ್ಯೂಟರಿನ ಮುಂದೆ ಕೂತ ನನ್ನಂಥವಳು, ಒಂದು ಮಧ್ಯಾಹ್ನ, ರೆಕ್ಕೆಯ ವಿಸ್ತೀರ್ಣ ಎಂಬ ಖಾನೆಯಲ್ಲಿ ಒಂದು ಸಂಖ್ಯೆ ತುಂಬುತ್ತಾ. ವಿಮಾನ ನಿಲ್ದಾಣಕ್ಕೆ ಭೂಮಿ ಹೋದಾಗ ಧರಣಿ ಕೂರುವ ರೈತನಿಗೆ ಜಿಲ್ಲಾಧಿಕಾರಿಯ ಕಚೇರಿಯ ದಾರಿ ಗೊತ್ತು. ಈ ಖಾನೆಯ ದಾರಿ ಗೊತ್ತಿಲ್ಲ. ಅದನ್ನು ಅವನಿಗೆ ಹೇಳಬೇಕಾದ ಭಾಷೆ ಕನ್ನಡ. ಹೇಳಬೇಕಾದವರು 'ಯಂತ್ರದ ವಿಷಯ' ಎಂದು ಎದ್ದು ಹೋಗಿದ್ದಾರೆ.

ಮೊದಲ ಹಾಳೆಯ ಒಂದು ಸಾಲು ಎಷ್ಟು ಕಾಲ ಬದುಕುತ್ತದೆ ಎಂಬುದಕ್ಕೆ ಬೋಯಿಂಗ್ 737 ನೋಡಿ. 1960ರ ದಶಕದಲ್ಲಿ ಅದನ್ನು ಗೀಚುವಾಗ ಸಣ್ಣ ಊರಿನ ನಿಲ್ದಾಣಗಳು ಕಣ್ಣ ಮುಂದಿದ್ದವು. ಏಣಿಗಾಡಿ ಇಲ್ಲದ, ಸಾಮಾನನ್ನು ಕೈಯಲ್ಲೇ ಎತ್ತಿಡುವ ನಿಲ್ದಾಣಗಳು. ಹಾಗಾಗಿ ಅದನ್ನು ನೆಲಕ್ಕೆ ಹತ್ತಿರ ಕೂರಿಸಿದರು. ಆ ಕಾಲಕ್ಕೆ ಒಳ್ಳೆಯ ನಿರ್ಧಾರ. 1967ರಲ್ಲಿ ಹಾರಿತು. ಆಮೇಲಿನ ಎಂಜಿನ್‌ಗಳು ದಪ್ಪವಾಗುತ್ತಾ ಹೋದವು, ರೆಕ್ಕೆಯ ಕೆಳಗೆ ಜಾಗ ಸಾಲಲಿಲ್ಲ. ಮೊದಲು ಎಂಜಿನ್‌ನ ಕವಚದ ತಳವನ್ನು ಚಪ್ಪಟೆ ಮಾಡಿದರು. ಮ್ಯಾಕ್ಸ್ ಮಾದರಿಯಲ್ಲಿ ಎಂಜಿನ್‌ಗಳನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೆತ್ತುವ ಚಾಳಿ ಬಂತು. ಅದನ್ನು ತಡೆಯಲು ಒಂದು ಸಾಫ್ಟ್‌ವೇರ್ ಸೇರಿಸಿದರು. ಪೈಲಟ್‌ಗಳಿಗೆ ಅದರ ಬಗ್ಗೆ ಸರಿಯಾಗಿ ಹೇಳಲಿಲ್ಲ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ತಪ್ಪು 1960ರ ದಶಕದವರದಲ್ಲ, ಆ ಹಾಳೆಯನ್ನು ಹರಿದು ಹೊಸದು ಬರೆಯಲು ಒಪ್ಪದವರದು.

ನಮ್ಮ ತೊಂದರೆ ಬೇರೆ. ನಾವು ಹಾಳೆ ಬರೆಯುವುದೇ ಅಪರೂಪ. ಕಾನ್ಪುರದಲ್ಲಿ ಜೋಡಿಸಿದ ಆವ್ರೊ ವಿಮಾನ 1961ರಲ್ಲೇ ಹಾರಿತು, ಹಾಳೆ ಬ್ರಿಟಿಷರದು. ಅಲ್ಲೇ ತಯಾರಾದ ಡಾರ್ನಿಯರ್ 228ರ ಹಾಳೆ ಜರ್ಮನ್ನರದು. ನಾವೇ ಬರೆದದ್ದು ಎಂದರೆ ಬೆಂಗಳೂರಿನ ಎನ್‌ಎಎಲ್‌ನ 'ಸಾರಸ್', 14 ಸೀಟಿನದು. ರಷ್ಯನ್ನರ ಜೊತೆ ಶುರುವಾಗಿ, ಅವರು ಬಿಟ್ಟು ಹೋಗಿ, 1998ರ ಅಣುಪರೀಕ್ಷೆಯ ನಂತರದ ನಿರ್ಬಂಧಗಳಲ್ಲಿ ಸಿಕ್ಕಿಕೊಂಡು, 2004ರ ಮೇ 29ರಂದು ಮೊದಲ ಸಲ ಹಾರಿತು. ಮೊದಲ ವಿಮಾನ ಅಂದುಕೊಂಡದ್ದಕ್ಕಿಂತ ಒಂದು ಟನ್ನಿಗೆ ಹತ್ತಿರ ಹತ್ತಿರ ಹೆಚ್ಚು ತೂಗುತ್ತಿತ್ತು. ಒಟ್ಟು ಏಳು ಟನ್ನಿನ ಆಸುಪಾಸಿನ ವಿಮಾನದಲ್ಲಿ ಒಂದು ಟನ್! ಮೇಲಿನ ಭಾಗಾಕಾರ ಮಾಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 2009ರ ಮಾರ್ಚ್ 6ರಂದು ಎರಡನೇ ವಿಮಾನ, ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿ, ಬಿಡದಿಯ ಹತ್ತಿರ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಆ ಮೂವರ ಹೆಸರಿನಲ್ಲಿ ಅತ್ತ ಪತ್ರಿಕೆಗಳು, ಆ ಯೋಜನೆ ಯಾರಿಗಾಗಿ ಇತ್ತು ಎಂದು ಕೇಳಲಿಲ್ಲ. 2018ರ ಜನವರಿಯಲ್ಲಿ ಸಾರಸ್ ಮತ್ತೆ ಹಾರಿದಾಗಲೂ ಸುದ್ದಿಯಾದದ್ದು ಹಾರಿತು ಎಂಬುದು ಮಾತ್ರ. ಈಗ ಹೊಸ ರೂಪಕ್ಕೆ 19 ಸೀಟು. ಯಾಕೆ 19? ಅದಕ್ಕಿಂತ ಒಬ್ಬ ಹೆಚ್ಚಾದರೂ ಕ್ಯಾಬಿನ್ ಸಿಬ್ಬಂದಿ ಬೇಕು, ನಿಯಮಾವಳಿಯೂ ಬಿಗಿಯಾಗುತ್ತದೆ. ಹಳ್ಳಿಯ ದಾರಿಯಲ್ಲಿ ಎಷ್ಟು ಜನ ಕಾಯುತ್ತಾರೆ ಎಂದು ಎಣಿಸಿ ಬಂದ ಸಂಖ್ಯೆಯಲ್ಲ ಅದು.

ಎಪ್ಪತ್ತರಿಂದ ತೊಂಬತ್ತು ಸೀಟಿನ ಪ್ರಾದೇಶಿಕ ವಿಮಾನದ ಮಾತು 2010ರ ಹೊತ್ತಿಗೆ ಜೋರಾಗಿತ್ತು. ಸಮಿತಿ ಆಯಿತು, ಪ್ರೊಪೆಲರೋ ಜೆಟ್ಟೋ ಎಂಬ ವಾದ ಆಯಿತು. ಇಂದಿಗೂ ಹಾರಿಲ್ಲ. 2025ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್, ಸುಮಾರು 100 ಸೀಟಿನ ರಷ್ಯದ ಎಸ್‌ಜೆ-100 ಜೆಟ್ಟನ್ನು ಇಲ್ಲಿ ತಯಾರಿಸುವ ಒಡಂಬಡಿಕೆ ಮಾಡಿಕೊಂಡಿತು. ಕೆಲಸ ಸಿಗುತ್ತದೆ, ನಾನು ಬೇಡ ಎನ್ನುವುದಿಲ್ಲ. ಆದರೆ 1961ರಿಂದ ಇವತ್ತಿನವರೆಗೆ ನಮ್ಮ ಕೈಗೆ ಬರುತ್ತಿರುವುದು ಎರಡನೇ ಹಾಳೆಯಿಂದ ಮುಂದಿನದು.

ಬ್ರೆಜಿಲ್‌ನವರು ಬೇರೆ ಥರ ಮಾಡಿದರು. 1960ರ ದಶಕದಲ್ಲಿ ಅಲ್ಲಿನ ವಿಮಾನ ಕಂಪನಿಗಳು ದೊಡ್ಡ ಜೆಟ್‌ಗಳ ಬೆನ್ನು ಹತ್ತಿ, ಗಟ್ಟಿ ರನ್‌ವೇ ಇಲ್ಲದ ಸಣ್ಣ ಊರುಗಳನ್ನು ಕೈಬಿಡುತ್ತಿದ್ದವು. ಆ ಊರುಗಳಿಗಾಗಿಯೇ, ಆ ಮಣ್ಣಿನ ರನ್‌ವೇಗಳಿಗಾಗಿಯೇ ಒಂದು ಪುಟ್ಟ ಎರಡು ಪ್ರೊಪೆಲರ್‌ಗಳ ವಿಮಾನ ಗೀಚಿದರು. ಬಂದೇರಾಂತಿ. 1968ರಲ್ಲಿ ಹಾರಿತು, ಮರುವರ್ಷ ಅದನ್ನು ತಯಾರಿಸಲೆಂದೇ ಎಂಬ್ರೇಯರ್ ಕಂಪನಿ ಹುಟ್ಟಿತು. ಇವತ್ತು ಬೆಳಗಾವಿಯಲ್ಲೋ ಬೀದರಿನಲ್ಲೋ ನೀವು ಹತ್ತುವ ಸಣ್ಣ ಜೆಟ್ ಅದೇ ಎಂಬ್ರೇಯರ್‌ನದು.

'ಉಡಾನ್' ಯೋಜನೆ ಬಂದಿಲ್ಲವೇ ಎನ್ನುತ್ತೀರಿ. ಬಂದಿದೆ. ನಮ್ಮ ಕಲಬುರಗಿ, ಬೀದರ್‌ಗಳಿಗೆ ವಿಮಾನ ಬಂದದ್ದು ನನಗೂ ಸಂತೋಷವೇ. ಆದರೆ 2023ರ ಸಿಎಜಿ ವರದಿಯ ಅಂಕಿ ಓದಿ: ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112. ಆ ಅವಧಿಯ ಆಚೆಗೂ 2023ರ ಮಾರ್ಚ್‌ನಲ್ಲಿ ಉಳಿದಿದ್ದದ್ದು 54. ಇದಕ್ಕೆ ಕಾರಣಗಳು ಹಲವು, ಎಲ್ಲವೂ ವಿಮಾನದ ವಿನ್ಯಾಸಕ್ಕೆ ಸಂಬಂಧಿಸಿದ್ದಲ್ಲ. ಆದರೆ ಬೇರೆ ದೇಶದ ದೂರಕ್ಕೆ, ಬೇರೆ ದೇಶದ ತಂಪಿಗೆ, ಬೇರೆ ದೇಶದ ಜೇಬಿಗೆ ಹೊಲಿದ ಅಂಗಿಯನ್ನು ತಂದು, ಬಿಗಿಯಾದ ಕಡೆಯೆಲ್ಲ ಸಬ್ಸಿಡಿಯ ತೇಪೆ ಹಾಕಿದರೆ ತೇಪೆ ಕಿತ್ತ ದಿನ ಅಂಗಿ ಹರಿಯುತ್ತದೆ. ಸಣ್ಣ ರನ್‌ವೇಗೆಂದೇ ಫ್ರಾನ್ಸ್-ಇಟಲಿಯ ಎಟಿಆರ್ ಕಂಪನಿ ಒಂದು ಮಾದರಿ ಯೋಚಿಸಿತ್ತು, 800 ಮೀಟರಿನಲ್ಲಿ ಏಳಿಳಿಯುವಂಥದ್ದು. 2024ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಮಾರುಕಟ್ಟೆ ಸಾಲದು ಎಂಬ ಲೆಕ್ಕ. ಅವರ ಲೆಕ್ಕ ಅವರಿಗೆ ಸರಿ. ನಮ್ಮ ಲೆಕ್ಕ ಯಾರು ಮಾಡಬೇಕು?

ಹೆಮ್ಮೆಯವರ ಬಗ್ಗೆಯೂ ಎರಡು ಮಾತು. ನಾನು ವಿಮಾನ ಓದುತ್ತೇನೆ ಎಂದೊಡನೆ 'ವೈಮಾನಿಕ ಶಾಸ್ತ್ರ'ದ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಹಿರಿಯರು ನನ್ನ ಬಳಗದಲ್ಲಿ ಕಡಿಮೆ ಇಲ್ಲ. ಅದು ಭರದ್ವಾಜರದಲ್ಲ; ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ್ದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಆ ವಿಮಾನಗಳನ್ನು ಪರೀಕ್ಷಿಸಿದರು. ಬೈಯಲಿಲ್ಲ, ನಗಲಿಲ್ಲ. ಭಾಷೆಯನ್ನು ನೋಡಿದರು, ಚಿತ್ರಗಳನ್ನು ಲೆಕ್ಕಕ್ಕೆ ಹಚ್ಚಿದರು, ಹಾರಲಾರವು ಎಂದು ಬರೆದರು. ಕನ್ನಡ ನಾಡಿನಲ್ಲಿ ನಡೆದ ಅತಿ ಚೊಕ್ಕ ಮೊದಲ ಹಾಳೆಯ ಕೆಲಸ ಅದೇ ಇರಬೇಕು ಎಂದು ನನಗೆ ಅನಿಸುವುದುಂಟು. ಚಿತ್ರವನ್ನು ಪ್ರೀತಿಸುವುದು ಸುಲಭ, ತೂಗಿ ನೋಡುವುದು ಕಷ್ಟ. ಹೆಮ್ಮೆಯೇ ಬೇಕಿದ್ದರೆ ನಮ್ಮೂರಿಂದ ಐಹೊಳೆ ದೂರವಿಲ್ಲ. ಗುಡಿಯ ಶಿಖರಕ್ಕೂ 'ವಿಮಾನ' ಎನ್ನುತ್ತಾರಲ್ಲ, ಆ ವಿಮಾನವನ್ನು ಅಲ್ಲಿ ಎಷ್ಟು ನಮೂನೆ ಪ್ರಯತ್ನಿಸಿದ್ದಾರೆ ನೋಡಿ. ಲಾಡಖಾನ್ ಗುಡಿಯದು ಇಳಿಜಾರು ಕಲ್ಲಿನ ಮಾಡು, ದುರ್ಗ ಗುಡಿಯದು ಅರ್ಧವೃತ್ತದ ಹಿಂಬದಿ, ಅದರ ಮೇಲೆ ಅಷ್ಟೇನೂ ಹೊಂದದ ಶಿಖರ. ಯಾವುದು ಮೊದಲು ಯಾವುದು ಆಮೇಲೆ ಎಂಬುದರ ಬಗ್ಗೆ ಪಂಡಿತರಲ್ಲಿ ಜಗಳವಿದೆ, ಇರಲಿ. ಒಂದೇ ನಮೂನೆಗೆ ಜೋತು ಬಿದ್ದವರು ಅವರಲ್ಲ ಎಂಬುದಂತೂ ಕಣ್ಣಿಗೆ ಕಾಣುತ್ತದೆ.

ಮತ್ತೆ ಗೆಳತಿಯ ಪ್ರಶ್ನೆ: ವಿಮಾನ ಯಾರಿಗೆ ಬೇಕಾಗೇತಿ? ಒಳ್ಳೆಯ ಪ್ರಶ್ನೆ. ಆದರೆ ಅವಳು ಅದನ್ನು ಕೇಳಿ ಎದ್ದು ಹೋದಳು, ಕೇಳಿ ಕೂರಬೇಕಿತ್ತು. ದುಡಿಯಲು ಮಂಗಳೂರಿಗೆ, ಗೋವೆಗೆ ಹೋಗುವ ನಮ್ಮ ತಾಲ್ಲೂಕಿನ ಜನಕ್ಕೆ ತಾಯಿ ಸತ್ತ ಸುದ್ದಿ ಬಂದರೆ ಮಣ್ಣಿಗೆ ಮುಟ್ಟುವುದು ರಾತ್ರಿಯಿಡೀ ಬಸ್ಸಿನಲ್ಲಿ ಕೂತು. ಅವರನ್ನು ಪ್ರಯಾಣಿಕರು ಎಂದು ಎಣಿಸಿದ ಹಾಳೆ ನಾನು ಇನ್ನೂ ನೋಡಿಲ್ಲ. ಎಣಿಸಿ, ಲೆಕ್ಕ ಹಾಕಿ, ಚೊಳಚಗುಡ್ಡದವರಿಗೆ ವಿಮಾನ ಬೇಡವೇ ಬೇಡ, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಇನ್ನೆರಡು ಜನರಲ್ ಬೋಗಿ ಸಾಕು ಎಂಬ ಉತ್ತರ ಬಂದರೆ ಅದನ್ನೇ ಬರೆಯುತ್ತೇನೆ. 'ಬೇಡ' ಎಂದು ಬರೆಯಲು ಅಗ್ಗದ ಜಾಗ ಮೊದಲ ಹಾಳೆಯೇ. ಸಾವಿರಾರು ಕೋಟಿ ಸುರಿದ ಮೇಲೆ ಆ ಪದ ಯಾರ ಬಾಯಿಂದಲೂ ಹೊರಡುವುದಿಲ್ಲ.

ಹೋದ ವರ್ಷ ನನ್ನ ಹಾಳೆಯನ್ನು ಹೊಸದಾಗಿ ಬರೆದೆ. 600 ಮೀಟರ್ ಎತ್ತರ, 40 ಡಿಗ್ರಿ, 1,000 ಮೀಟರ್ ರನ್‌ವೇ. ವಿಮಾನ ದಪ್ಪವಾಯಿತು, ನಿಧಾನವಾಯಿತು, ರೆಕ್ಕೆ ನೋಡಲು ಹದ್ದಿನ ರೆಕ್ಕೆಯಂತೆ ಕಂಡಿತು. ಸೆಮಿನಾರಿನಲ್ಲಿ ಒಬ್ಬರು, ಇದನ್ನು ಯಾವ ವಿಮಾನಕ್ಕೆ ಹೋಲಿಸುತ್ತೀರಿ ಎಂದು ಕೇಳಿದರು. ಹೋಲಿಸಲು ಇಲ್ಲ ಎಂದೆ. ಹಾಗಾದರೆ ಪ್ರಕಟಿಸುವುದು ಕಷ್ಟ ಎಂದರು. ಕಷ್ಟವೇ ಆಗಿದೆ.

ಸಾಮಾನಿನ ಖಾನೆ ಮಾತ್ರ ಇನ್ನೂ ಖಾಲಿ ಇಟ್ಟಿದ್ದೇನೆ. ಪುಸ್ತಕದ ಸೂಟ್‌ಕೇಸಿನ ತೂಕ ತುಂಬಲು ಮನಸ್ಸಾಗಲಿಲ್ಲ. ಬನದ ಹುಣ್ಣಿಮೆಯ ಜಾತ್ರೆಗೆ ಊರಿಗೆ ಹೋಗುತ್ತೇನೆ. ಇಡೀ ಸೀಮೆಯ ಜನ ಗಂಟುಮೂಟೆ ಹೊತ್ತು ಬರುವ ದಿನಗಳು ಅವು. ಈ ಸಲ ಬ್ಯಾಗಿನಲ್ಲಿ ಒಂದು ತೂಗುವ ಕೊಕ್ಕೆ, ಒಂದು ಅಳತೆ ಟೇಪು ಇರುತ್ತದೆ. ಶುರು ಅವ್ವನ ಬುಟ್ಟಿಯಿಂದ.